ಯಾವ ಬಾಗಿಲಿನಿಂದ ಬಂದರು: ಮಯಾಮಿಯ ಕ್ಯೂಬನ್ನರು, ವಾಷಿಂಗ್ಟನ್ನಿನ ಇಥಿಯೋಪಿಯನ್ನರು

ಕೇಳುಗರಿಗೆ ನಮಸ್ಕಾರ.

1959ರ ಜನವರಿಯಲ್ಲಿ ಕ್ಯೂಬಾದ ಅಧಿಕಾರ ಫಿಡೆಲ್ ಕ್ಯಾಸ್ಟ್ರೋ ಕೈಗೆ ಬಂತು. ಹದಿನೈದು ವರ್ಷಗಳ ಮೇಲೆ, 1974ರ ಸೆಪ್ಟೆಂಬರ್ 12ರಂದು, ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಸೈನಿಕರು ಪಟ್ಟದಿಂದ ಇಳಿಸಿದರು. ಎರಡೂ ಕಡೆ ಜಮೀನು, ಬಾಡಿಗೆ ಮನೆ, ಕಾರ್ಖಾನೆಗಳು ಸರ್ಕಾರದ ಪಾಲಾದವು. ಎರಡೂ ಕಡೆಯಿಂದ ಮೊದಲು ದೇಶ ಬಿಟ್ಟವರಲ್ಲಿ ಓದಿದವರು, ಉಳ್ಳವರು, ಹೊಸ ಆಡಳಿತಕ್ಕೆ ಬೇಡವಾದವರೇ ಹೆಚ್ಚು. ಅವರಲ್ಲಿ ಬಹಳಷ್ಟು ಜನ ಸೇರಿದ್ದು ಅಮೆರಿಕವನ್ನು.

2021ರಲ್ಲಿ ಕ್ಯೂಬನ್ ಮೂಲದವರು ಅಮೆರಿಕದಲ್ಲಿ ಸುಮಾರು 24 ಲಕ್ಷ ಇದ್ದರು. ಮಯಾಮಿಯ ಮೇಯರ್ ಹುದ್ದೆ, ಬ್ಯಾಂಕು, ಕಟ್ಟಡ ನಿರ್ಮಾಣ, ಸೆನೆಟ್ ಸ್ಥಾನ ಎಲ್ಲದರಲ್ಲೂ ಅವರ ಹೆಸರು ಕೇಳಿಬಂದಿದೆ. ಹವಾನಾದಿಂದ ಬಂದ ರಾಬರ್ಟೊ ಗೊಯ್‌ಸುವೆಟಾ 1981ರಿಂದ 1997ರಲ್ಲಿ ಸಾಯುವವರೆಗೆ ಕೋಕಾ-ಕೋಲಾ ಕಂಪನಿಯ ಮುಖ್ಯಸ್ಥರಾಗಿದ್ದರು. ಇಥಿಯೋಪಿಯನ್ನರು ಸಂಖ್ಯೆಯಲ್ಲಿ ಬಹಳ ಕಡಿಮೆ, ಕೆಲವು ಲಕ್ಷದಷ್ಟು. ರಾಜಧಾನಿ ವಾಷಿಂಗ್ಟನ್ ಮತ್ತು ಅದರ ಸುತ್ತಲಿನ ಊರುಗಳಲ್ಲಿ ಅವರ ದೊಡ್ಡ ನೆಲೆ. ಅಲ್ಲಿ ಟ್ಯಾಕ್ಸಿ ಹತ್ತಿದರೆ, ಪಾರ್ಕಿಂಗ್ ಕಟ್ಟೆಯ ಗೂಡಿನಲ್ಲಿ ಚೀಟಿ ಕೊಡುವವರನ್ನು ಮಾತಾಡಿಸಿದರೆ, ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ರೋಗಿಯ ಹಾಸಿಗೆ ಬದಲಿಸುವವರನ್ನು ನೋಡಿದರೆ, ಇಥಿಯೋಪಿಯಾದ ಮುಖ ಸಿಕ್ಕೇ ಸಿಗುತ್ತದೆ.

ಈ ಅಂತರಕ್ಕೆ ಸುಲಭದ ಉತ್ತರವೊಂದು ಬಳಕೆಯಲ್ಲಿದೆ. ಕ್ಯೂಬನ್ನರು ಹುಟ್ಟಾ ವ್ಯಾಪಾರಿಗಳು, ಛಲಗಾರರು, ಅದಕ್ಕೇ ಮುಂದೆ ಬಂದರು ಅನ್ನುವ ಉತ್ತರ. ಅವರ ಛಲದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಛಲವೇ ಕಾರಣವಾಗಿದ್ದರೆ ಎರಡು ಪಾಳಿ ದುಡಿಯುವ ಇಥಿಯೋಪಿಯನ್ ನರ್ಸಿಂಗ್ ಸಹಾಯಕಿ ಯಾವತ್ತೋ ಶ್ರೀಮಂತಳಾಗಬೇಕಿತ್ತು. ಈ ಜನ ಒಳಗೆ ಬಂದದ್ದು ಯಾವ ಬಾಗಿಲಿನಿಂದ, ಬಂದ ಮೊದಲ ಐದಾರು ವರ್ಷ ಅವರ ಕೈಗೆ ಏನು ಕೊಟ್ಟರು, ಏನು ಕೊಡಲಿಲ್ಲ ಎಂಬುದನ್ನು ನೋಡಿದರೆ ಕಥೆಯ ಬಹುಪಾಲು ಅಲ್ಲೇ ಸಿಗುತ್ತದೆ.

ಕ್ಯೂಬನ್ನರ ಕಥೆ ನೋಡೋಣ. ಮಯಾಮಿಯ ಬಿಸ್ಕೇನ್ ಬುಲೆವಾರ್ಡ್‌ನಲ್ಲಿ 1925ರಲ್ಲಿ ಕಟ್ಟಿದ ಹಳದಿ ಗೋಪುರವೊಂದಿದೆ. ಮೊದಲು ಅದು ಪತ್ರಿಕಾ ಕಚೇರಿ. 1962ರಿಂದ 1974ರವರೆಗೆ ಅದು ಕ್ಯೂಬನ್ ನಿರಾಶ್ರಿತರ ಕೇಂದ್ರವಾಗಿತ್ತು. ಜನರ ಬಾಯಲ್ಲಿ ಅದು 'ಎಲ್ ರೆಫ್ಯೂಹಿಯೊ', ಈಗ ಎಲ್ಲರೂ ಕರೆಯುವುದು ಫ್ರೀಡಂ ಟವರ್ ಎಂದು. ಅಧ್ಯಕ್ಷ ಕೆನಡಿ 1961ರಲ್ಲಿ ಆರಂಭಿಸಿದ ಕ್ಯೂಬನ್ ನಿರಾಶ್ರಿತರ ಕಾರ್ಯಕ್ರಮದಡಿ ಅಲ್ಲಿ ವೈದ್ಯರು ತಪಾಸಣೆ ಮಾಡುತ್ತಿದ್ದರು. ಹಾಲಿನ ಪುಡಿ, ಚೀಸ್, ಡಬ್ಬಿಯ ಮಾಂಸ ಹಂಚುತ್ತಿದ್ದರು. ಕುಟುಂಬಕ್ಕೆ ತಿಂಗಳಿಗೆ 100 ಡಾಲರ್‌ವರೆಗೆ ನಗದು ಸಿಗುತ್ತಿತ್ತು. ವಿದ್ಯಾರ್ಥಿಗಳಿಗೆ ಸಾಲ ಇತ್ತು. ಹವಾನಾದಲ್ಲಿ ವೈದ್ಯರಾಗಿದ್ದವರು ಅಮೆರಿಕದ ಪರೀಕ್ಷೆ ಪಾಸು ಮಾಡಲಿ ಎಂದು ಮಯಾಮಿ ವಿಶ್ವವಿದ್ಯಾಲಯದಲ್ಲಿ ವಿಶೇಷ ತರಗತಿಗಳು ನಡೆದವು. 1963ರಲ್ಲಿ ಕೋರಲ್ ವೇ ಎಂಬ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪಾಠ ಶುರುವಾಯಿತು. ಒಟ್ಟು ಕಾರ್ಯಕ್ರಮಕ್ಕೆ 1960 ಮತ್ತು 70ರ ದಶಕಗಳಲ್ಲಿ ಖರ್ಚಾದ ಮೊತ್ತ ನೂರು ಕೋಟಿ ಡಾಲರಿನ ಆಸುಪಾಸು. ಇದರ ಜೊತೆಗೆ ಸಿಐಎ ಮಯಾಮಿಯಲ್ಲಿ ಬೃಹತ್ ಕಚೇರಿ ತೆರೆದು, ಕ್ಯಾಸ್ಟ್ರೋ ವಿರೋಧಿ ಕೆಲಸಕ್ಕೆಂದು ಬಹಳಷ್ಟು ಕ್ಯೂಬನ್ನರಿಗೆ ಸಂಬಳ ಕೊಡುತ್ತಿತ್ತು. ಆ ದುಡ್ಡೂ ಊರಿನ ಅಂಗಡಿ, ಬಾಡಿಗೆಗಳಿಗೇ ಹೋಯಿತು.

ಹಣಕ್ಕಿಂತ ದೊಡ್ಡದು 1966ರ ಕಾನೂನು. ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಕ್ಯೂಬನ್ ಅಡ್ಜಸ್ಟ್‌ಮೆಂಟ್ ಆ್ಯಕ್ಟ್ ಪ್ರಕಾರ ಅಧಿಕೃತವಾಗಿ ಒಳಬಿಟ್ಟ ಕ್ಯೂಬನ್, ಎರಡು ವರ್ಷ ಕಳೆದ ಮೇಲೆ ಖಾಯಂ ವಾಸದ ಹಕ್ಕು ಕೇಳಬಹುದಿತ್ತು. ಮುಂದೆ ಅದು ಒಂದೇ ವರ್ಷವಾಯಿತು. ಖಾಯಂ ಪತ್ರ ಕೈಯಲ್ಲಿದ್ದರೆ ಬ್ಯಾಂಕ್ ಸಾಲ, ವೃತ್ತಿ ಪರವಾನಗಿ, ಮನೆ, ಮಕ್ಕಳ ಕಾಲೇಜು ಎಲ್ಲಕ್ಕೂ ದಾರಿ ಆಗುತ್ತದೆ. ನಾಳೆ ಇಲ್ಲಿರುತ್ತೇನೋ ಇಲ್ಲವೋ ಎಂಬ ಭಯವಿರುವವನು ಹತ್ತು ವರ್ಷದ ಕಂತಿಗೆ ಸಹಿ ಹಾಕುವುದಿಲ್ಲ.

ಸಾಲದ ಮಾತು ಬಂತಲ್ಲ, ಅಲ್ಲಿ ಸ್ವಲ್ಪ ನಿಲ್ಲೋಣ. 1960ರ ದಶಕದಲ್ಲಿ ಮಯಾಮಿಯ ಸಣ್ಣ ಬ್ಯಾಂಕುಗಳಲ್ಲಿ ಕ್ಯೂಬನ್ ಬ್ಯಾಂಕರುಗಳು ಕೆಲಸಕ್ಕೆ ಸೇರಿದ್ದರು. ಅಡವಿಡಲು ಏನೂ ಇಲ್ಲದ, ಇಂಗ್ಲಿಷೂ ಬಾರದ ದೇಶಬಾಂಧವನಿಗೆ ಅವರು ಸಾಲ ಕೊಡುತ್ತಿದ್ದರು. ಆಧಾರ ಒಂದೇ: ಈತ ಹವಾನಾದಲ್ಲಿ ಯಾರು, ಯಾವ ವ್ಯಾಪಾರ ನಡೆಸುತ್ತಿದ್ದ, ಮಾತಿಗೆ ನಿಲ್ಲುವವನೋ ಅಲ್ಲವೋ. ನಡತೆಯ ಮೇಲಿನ ಸಾಲ ಅನ್ನೋಣ. ಹವಾನಾದಲ್ಲಿ ವಕೀಲರೂ ಪತ್ರಿಕಾ ಸಂಪಾದಕರೂ ಆಗಿದ್ದ ಲೂಯಿಸ್ ಬೊಟಿಫೋಲ್ ಮುಂದೆ ರಿಪಬ್ಲಿಕ್ ನ್ಯಾಷನಲ್ ಬ್ಯಾಂಕಿನ ಮುಖ್ಯಸ್ಥರಾಗಿ ಈ ಪದ್ಧತಿಯ ಜೊತೆ ಹೆಸರಾದರು. ಮಯಾಮಿ ಪಕ್ಕದ ಹಯಲೀಯಾದ ಬಟ್ಟೆ ಹೊಲಿಗೆ ಘಟಕಗಳು, ಮಯಾಮಿಯ ಕ್ಯೂಬನ್ ಬಡಾವಣೆಯಾದ ಲಿಟ್ಲ್ ಹವಾನಾದ ಕಿರಾಣಿ ಅಂಗಡಿಗಳು, ಗುತ್ತಿಗೆದಾರರ ಕಂಪನಿಗಳು ಬೆಳೆದದ್ದು ಇಂಥ ನಂಬಿಕೆಯ ಬಲದಿಂದ. ಅಂಗಡಿಯವನೂ ಕ್ಯೂಬನ್, ಕೆಲಸಗಾರನೂ ಕ್ಯೂಬನ್, ಗಿರಾಕಿಯೂ ಕ್ಯೂಬನ್. ತಾವೂ ಹವಾನಾದಲ್ಲೇ ಹುಟ್ಟಿ 1960ರಲ್ಲಿ ಹೊರಬಂದ ಸಮಾಜಶಾಸ್ತ್ರಜ್ಞ ಅಲೆಹಾಂಡ್ರೊ ಪೋರ್ಟೆಸ್ ಈ ವ್ಯವಸ್ಥೆಯನ್ನೇ ಅಧ್ಯಯನ ಮಾಡಿ ಹೆಸರು ಮಾಡಿದರು.

ಈ ಸಾಲ 1970ರ ದಶಕದ ಆರಂಭದ ಹೊತ್ತಿಗೆ ನಿಂತುಹೋಯಿತು. ಏಕೆಂದರೆ ಆಗ ಬರುತ್ತಿದ್ದ ಕ್ಯೂಬನ್ನರು ಬೇರೆ ವರ್ಗದವರು. ಬ್ಯಾಂಕಿನವರಿಗೆ ಅವರ ಪರಿಚಯವಿರಲಿಲ್ಲ. ಭಾಷೆ ಅದೇ, ದೇಶ ಅದೇ. ನಂಬಿಕೆ ಇದ್ದದ್ದು ಹಳೆಯ ಹವಾನಾದ ಕ್ಲಬ್ಬುಗಳ ಪರಿಚಯದಲ್ಲಿ.

ನನ್ನ ಮಾತಿಗೆ ಗಟ್ಟಿ ಸಾಕ್ಷಿ ಎಂದರೆ 1980ರ ಮರಿಯೆಲ್. ಆ ವರ್ಷ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಕ್ಯೂಬಾದ ಮರಿಯೆಲ್ ಬಂದರಿನಿಂದ ದೋಣಿಗಳಲ್ಲಿ ಸುಮಾರು 1,25,000 ಜನ ಫ್ಲಾರಿಡಾಕ್ಕೆ ಬಂದರು. ಹೆಚ್ಚಿನವರು ಕೂಲಿ ಕಾರ್ಮಿಕರು. ಮೊದಲ ಅಲೆಗಳಿಗಿಂತ ಕಪ್ಪು ಬಣ್ಣದವರು ಹೆಚ್ಚು. ಕ್ಯಾಸ್ಟ್ರೋ ಜೈಲಿನಿಂದ ಕೆಲವರನ್ನು ಹತ್ತಿಸಿ ಕಳಿಸಿದ್ದರಿಂದ ಇಡೀ ಗುಂಪಿಗೆ ಕೆಟ್ಟ ಹೆಸರು ಅಂಟಿತು. ಅವರನ್ನು ಮಯಾಮಿಯ ಹಳೆಯ ಕ್ಯೂಬನ್ನರೇ 'ಮರಿಯೆಲಿಟೊ' ಎಂದು ಕೀಳಾಗಿ ಕರೆದರು. ಅವರಿಗೆ ನಡತೆಯ ಸಾಲ ಇರಲಿಲ್ಲ, 1962ರ ಸ್ವಾಗತವೂ ಇರಲಿಲ್ಲ. ಅವರ ಆದಾಯ ಮೊದಲ ಅಲೆಯವರ ಹತ್ತಿರಕ್ಕೂ ಬರಲಿಲ್ಲ. 'ಕ್ಯೂಬನ್ ಗುಣ' ಎಂಬುದೊಂದು ಇದ್ದಿದ್ದರೆ ಅದು ಇಲ್ಲೂ ಕೆಲಸ ಮಾಡಬೇಕಿತ್ತು. ಹಾಗೆಂದು ಇವರು ನಗರಕ್ಕೆ ಹೊರೆಯಾದರೇ? ಮಯಾಮಿಯ ಕಾರ್ಮಿಕ ಬಲ ಏಕಾಏಕಿ ಶೇಕಡಾ 7ರಷ್ಟು ಹೆಚ್ಚಿದರೂ ಉಳಿದವರ ಕೂಲಿ ಇಳಿಯಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ಬರೆದರು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಶಾಲೆ ಮುಗಿಸದ ಕೆಲಸಗಾರರ ಕೂಲಿ ಇಳಿಯಿತು ಎಂದು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ವಾದಿಸಿದರು. ಬೋರ್ಹಾಸ್ ಕೂಡ ಕ್ಯೂಬಾದಲ್ಲಿ ಹುಟ್ಟಿ, ಬಾಲಕರಾಗಿದ್ದಾಗ ಅಮೆರಿಕಕ್ಕೆ ಬಂದವರು. ಆ ಜಗಳ ಇನ್ನೂ ಮುಗಿದಿಲ್ಲ.

ಇನ್ನು ಇಥಿಯೋಪಿಯನ್ನರು. ಕ್ರಾಂತಿ ಆದಾಗ ಅಮೆರಿಕದ ಕಾಲೇಜುಗಳಲ್ಲಿ ಓದುತ್ತಿದ್ದ ಇಥಿಯೋಪಿಯನ್ ಹುಡುಗ ಹುಡುಗಿಯರು ಊರಿಗೆ ಮರಳಲಾಗದೆ ಸಿಕ್ಕಿಬಿದ್ದರು. 1977-78ರಲ್ಲಿ ಅಡಿಸ್ ಅಬಾಬಾದ ಬೀದಿಗಳಲ್ಲಿ ಓದಿದ ಯುವಕರನ್ನು ಹುಡುಕಿ ಕೊಲ್ಲುತ್ತಿದ್ದ ಕಾಲ ಅದು. ರೆಡ್ ಟೆರರ್ ಎಂದು ಇತಿಹಾಸ ಅದನ್ನು ಕರೆಯುತ್ತದೆ. ಅಮೆರಿಕ ಅವರಿಗೆ ಕೊಟ್ಟದ್ದೇನು? 1977ರಿಂದ ಒಂದು ತಾತ್ಕಾಲಿಕ ರಿಯಾಯಿತಿ: ಸದ್ಯಕ್ಕೆ ಗಡೀಪಾರು ಮಾಡುವುದಿಲ್ಲ ಎಂಬ ಭರವಸೆ. ಖಾಯಂ ವಾಸ ಇಲ್ಲ, ನಿರಾಶ್ರಿತರ ನೆರವು ಇಲ್ಲ, ಹೆಂಡತಿ ಮಕ್ಕಳನ್ನು ಕರೆಸುವ ಹಕ್ಕೂ ಇಲ್ಲ. ಅವರೂ ಕಮ್ಯುನಿಸ್ಟ್ ಆಡಳಿತಕ್ಕೆ ಹೆದರಿ ಉಳಿದವರೇ. ಕ್ಯೂಬನ್ನನಿಗೆ ಎರಡು ವರ್ಷದಲ್ಲಿ ಸಿಕ್ಕ ಕಾಗದಕ್ಕೆ ಇವರಲ್ಲಿ ಅನೇಕರು 1986ರ ಸಕ್ರಮ ಕಾನೂನಿನವರೆಗೆ ಕಾದರು. ಎಂಜಿನಿಯರಿಂಗ್ ಓದಲು ಬಂದವನು ಪಾರ್ಕಿಂಗ್ ಗೂಡಿನಲ್ಲಿ ಕೂತು ರಾತ್ರಿ ಪಾಠ ಓದಿಕೊಂಡದ್ದು ಈ ವರ್ಷಗಳಲ್ಲಿ. ಮನುಷ್ಯನ ಇಪ್ಪತ್ತೈದರಿಂದ ಮೂವತ್ತೈದರ ಪ್ರಾಯ ಹೀಗೆ ಕಳೆದರೆ ಅದರ ನಷ್ಟವನ್ನು ಯಾವ ಆದಾಯದ ಕೋಷ್ಟಕವೂ ತೋರಿಸುವುದಿಲ್ಲ. ನನಗೆ ಈ ಕಥೆಯಲ್ಲಿ ಹೆಚ್ಚು ನೋವಿನ ಭಾಗ ಇದೇ.

1980ರ ನಿರಾಶ್ರಿತರ ಕಾನೂನು ಬಂದ ಮೇಲೆ ಸುಡಾನಿನ ಶಿಬಿರಗಳಿಂದ ಇಥಿಯೋಪಿಯನ್ನರನ್ನು ಕರೆತರುವುದು ಶುರುವಾಯಿತು. 1995ರಿಂದ ಡೈವರ್ಸಿಟಿ ವೀಸಾ ಲಾಟರಿ ಬಂತು. ಅಡಿಸ್ ಅಬಾಬಾದಲ್ಲಿ 'ಡೀವಿ' ಎಂದರೆ ಸಾಕು, ಎಲ್ಲರಿಗೂ ಗೊತ್ತು. ಅರ್ಜಿ ಹಾಕಲು ಪ್ರೌಢಶಿಕ್ಷಣವೋ, ತರಬೇತಿ ಬೇಡುವ ಉದ್ಯೋಗದಲ್ಲಿ ಎರಡು ವರ್ಷದ ಅನುಭವವೋ ಬೇಕಿತ್ತು. ಲಾಟರಿ ಹೊಡೆದವರಿಗೆ ಸಿಗುತ್ತಿದ್ದದ್ದು ಖಾಯಂ ವಾಸದ ಹಕ್ಕು, ಅದು ಸಣ್ಣದೇನಲ್ಲ. ಆದರೆ ವಿಮಾನದ ಟಿಕೆಟ್ಟು ಅವರದೇ, ಇಳಿದ ಮೇಲೆ ಮನೆ ಹುಡುಕುವುದೂ ಅವರೇ. ಪದವಿ ಪತ್ರವನ್ನು ಅಮೆರಿಕದ ಉದ್ಯೋಗದಾತರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ಹೀಗಾಗಿ ಊರಿನಲ್ಲಿ ಮೇಷ್ಟ್ರಾಗಿದ್ದವರು ಸ್ಟಿಯರಿಂಗ್ ಹಿಡಿದರು. ಆ ಟ್ಯಾಕ್ಸಿಯ ಗಳಿಕೆಯೂ ಊಬರ್ ಬಂದ ಮೇಲೆ ಇಳಿಯಿತು.

ಬ್ಯಾಂಕು ಕೊಡದ ಸಾಲವನ್ನು ಇವರು ತಮ್ಮೊಳಗೇ ಹುಟ್ಟಿಸಿಕೊಂಡರು. ನಮ್ಮ ಓಣಿಗಳಲ್ಲಿ ಹೆಂಗಸರು ಚೀಟಿ ಹಾಕುತ್ತಾರಲ್ಲ, ಅದೇ ಬಗೆಯ 'ಇಕುಬ್' ಅವರಲ್ಲಿದೆ. ಎಲ್ಲರೂ ತಿಂಗಳಿಗೆ ಇಷ್ಟು ಅಂತ ಕಟ್ಟುವುದು, ಸರದಿಯಂತೆ ಒಬ್ಬರು ಇಡೀ ಗಂಟು ಎತ್ತುವುದು. ಆ ದುಡ್ಡಿನಲ್ಲಿ ಟ್ಯಾಕ್ಸಿ ಕೊಂಡವರಿದ್ದಾರೆ, ಹೋಟೆಲಿಗೆ ಮುಂಗಡ ಕೊಟ್ಟವರಿದ್ದಾರೆ. ಸಾವಿನ ಖರ್ಚಿಗೆ 'ಇದಿರ್' ಎಂಬ ಬೇರೆ ಸಂಘ. ವಾಷಿಂಗ್ಟನ್ನಿನ ಆ್ಯಡಮ್ಸ್ ಮಾರ್ಗನ್ ಬಡಾವಣೆಯಲ್ಲಿ ದೋಸೆಯಂಥ ಇಂಜೆರಾ ಬಡಿಸುವ ಹೋಟೆಲುಗಳು ಮೊದಲು ಎದ್ದವು. ಅಲ್ಲಿ ಬಾಡಿಗೆ ಏರಿದ ಮೇಲೆ ಯು ಸ್ಟ್ರೀಟ್ ಮತ್ತು ನೈಂತ್ ಸ್ಟ್ರೀಟ್ ಕಡೆಗೆ, ಈಚೆಗೆ ಸಿಲ್ವರ್ ಸ್ಪ್ರಿಂಗ್, ಅಲೆಕ್ಸಾಂಡ್ರಿಯಾ ಊರುಗಳಿಗೆ ಸರಿದವು. ಲಿಟ್ಲ್ ಹವಾನಾದಲ್ಲಿ ಅನೇಕ ಕ್ಯೂಬನ್ನರು ಕಟ್ಟಡಗಳನ್ನೇ ಕೊಂಡಿದ್ದರು. ಇವರು ಹೆಚ್ಚಾಗಿ ಬಾಡಿಗೆಗೆ ಇದ್ದವರು, ಬೀದಿಗೆ ಬೆಲೆ ಬಂದಾಗ ಜಾಗ ಬಿಡಬೇಕಾಯಿತು.

ಬಣ್ಣದ ಪ್ರಶ್ನೆಯನ್ನು ಮುಚ್ಚಿಡಬಾರದು. 1960ರ ದಶಕದ ಕ್ಯೂಬನ್ನರು ಬಹುಪಾಲು ಬಿಳಿಯರು, ಬಂದದ್ದು ವರ್ಣಭೇದ ನಡೆಯುತ್ತಿದ್ದ ದಕ್ಷಿಣದ ರಾಜ್ಯವೊಂದಕ್ಕೆ. ಅದೇ ಊರಿನ ಕಪ್ಪು ಅಮೆರಿಕನ್ನರಿಗೆ ಬಾಡಿಗೆಗೂ ಸಿಗದ ಬಡಾವಣೆಗಳಲ್ಲಿ ಅವರಿಗೆ ಮನೆ ಸಿಕ್ಕಿತು. ಇಂದಿಗೂ ಕಪ್ಪು ಕ್ಯೂಬನ್ನರ ಆದಾಯ ಬಿಳಿ ಕ್ಯೂಬನ್ನರಿಗಿಂತ ಕಡಿಮೆ. ಇಥಿಯೋಪಿಯನ್ನರು ಬಂದ ದಿನದಿಂದಲೂ ಅಮೆರಿಕದ ಕಣ್ಣಿಗೆ ಕಪ್ಪು ಜನ.

ಇನ್ನೊಂದು ಸಂಗತಿ ಲೆಕ್ಕದ ಹೊರಗೇ ಉಳಿದುಬಿಡುತ್ತದೆ. ಕ್ಯೂಬನ್ನರಿಗೆ ಮರಳುವ ದಾರಿ ಮುಚ್ಚಿತ್ತು. ಆಸ್ತಿ ಜಪ್ತಿಯಾಗಿತ್ತು, ವ್ಯಾಪಾರ ನಿರ್ಬಂಧವಿತ್ತು. ಮೊದಲ ಮೂರು ದಶಕ ದುಡಿದದ್ದರಲ್ಲಿ ಹೆಚ್ಚಿನದು ಮಯಾಮಿಯ ನೆಲದಲ್ಲೇ ಮನೆಯಾಗಿ, ಅಂಗಡಿಯಾಗಿ ನಿಂತಿತು. ಇಥಿಯೋಪಿಯಾದಲ್ಲಿ 1991ರಲ್ಲಿ ಸೈನಿಕ ಆಡಳಿತ ಬಿತ್ತು. 2002ರಲ್ಲಿ ಅಲ್ಲಿನ ಸರ್ಕಾರ ಬೇರೆ ದೇಶದ ಪೌರರಾದ ಇಥಿಯೋಪಿಯನ್ ಮೂಲದವರಿಗೆ ಹಳದಿ ಗುರುತಿನ ಚೀಟಿ ಕೊಟ್ಟು, ಆಸ್ತಿ ಕೊಳ್ಳಲು, ವ್ಯವಹಾರ ಮಾಡಲು ದಾರಿ ಬಿಟ್ಟಿತು. ಟ್ಯಾಕ್ಸಿ ಓಡಿಸಿ ಉಳಿಸಿದ ಡಾಲರು ಅಡಿಸ್ ಅಬಾಬಾದಲ್ಲಿ ಮನೆಯಾಯಿತು, ತಮ್ಮನ ಫೀಸಾಯಿತು, ತಾಯಿಯ ಔಷಧಿಯಾಯಿತು. ಅಮೆರಿಕದ ಜನಗಣತಿಯಲ್ಲಿ ಆ ಕುಟುಂಬ ಬಡ ಬಾಡಿಗೆದಾರರ ಸಾಲಿನಲ್ಲಿ ಕಾಣಿಸುತ್ತದೆ. ಅಡಿಸ್‌ನ ಬೀದಿಯಲ್ಲಿ ಅದೇ ಕುಟುಂಬ ಮನೆಯೊಡೆಯರದು. ಯಾರು ಮುಂದೆ, ಯಾರು ಹಿಂದೆ ಎಂದು ತೀರ್ಪು ಕೊಡುವವರು ಈ ಮನೆಯನ್ನು ಯಾವ ಖಾತೆಗೆ ಬರೆಯುತ್ತಾರೆ?

ಎರಡೂ ಗುಂಪಿನ ಆದಾಯ ಹೋಲಿಸುವಾಗ ಬೇರೆ ಎಚ್ಚರಿಕೆಗಳೂ ಬೇಕು. ಕ್ಯೂಬನ್ನರಲ್ಲಿ ವಯಸ್ಸಾದವರು ಹೆಚ್ಚು, ಪಿಂಚಣಿಯವರು ಸರಾಸರಿಯನ್ನು ಇಳಿಸುತ್ತಾರೆ. ವಾಷಿಂಗ್ಟನ್ನಿನಲ್ಲಿ ಕೂಲಿಯೂ ಹೆಚ್ಚು, ಬಾಡಿಗೆಯೂ ಹೆಚ್ಚು.

ಈ ವಿಷಯ ಕನ್ನಡಿಗರಿಗೂ ಸಂಬಂಧಪಟ್ಟದ್ದೇ. ಅಮೆರಿಕದಲ್ಲಿ ಭಾರತೀಯರ ಆದಾಯ ಎಲ್ಲರಿಗಿಂತ ಮೇಲಿದೆ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬೆಂಗಳೂರಿನಿಂದ, ಮೈಸೂರಿನಿಂದ ಹೋದವರಲ್ಲಿ ಹೆಚ್ಚಿನವರು 1965ರ ವಲಸೆ ಕಾನೂನಿನ ನಂತರ ವೈದ್ಯರಾಗಿ, ಎಂಜಿನಿಯರಾಗಿ, ಆಮೇಲೆ ಎಚ್1ಬಿ ವೀಸಾ ಮೇಲೆ, ಡಿಗ್ರಿ ನೋಡಿ ಆರಿಸಿಕೊಂಡವರು. ನಮ್ಮ ಹಳ್ಳಿಯ ಕೂಲಿಕಾರ ಆ ಸರತಿಯಲ್ಲಿ ನಿಲ್ಲಲೇ ಇಲ್ಲ. ಅವನನ್ನೂ ಸೇರಿಸಿ ಲೆಕ್ಕ ಹಾಕಿದ್ದರೆ ಅಂಕಿ ಬೇರೆ ಇರುತ್ತಿತ್ತು.

ಈಗ ಮಯಾಮಿಯಲ್ಲೇ ಈ ಮಾತಿಗೆ ಹೊಸ ಪರೀಕ್ಷೆ ನಡೆಯುತ್ತಿದೆ. ದಡ ಮುಟ್ಟಿದ ಕ್ಯೂಬನ್ನನ್ನು ಉಳಿಸಿಕೊಳ್ಳುವ ನೀತಿಯನ್ನು ಅಮೆರಿಕ 2017ರ ಜನವರಿಯಲ್ಲಿ ಕೈಬಿಟ್ಟಿತು. 2021ರ ನಂತರ ಲಕ್ಷಾಂತರ ಕ್ಯೂಬನ್ನರು ಮೆಕ್ಸಿಕೊ ಗಡಿ ದಾಟಿ ಬಂದರು. ಅವರಲ್ಲಿ ಬಹಳ ಜನರ ಕೈಗೆ ಗಡಿಯಲ್ಲಿ ಐ-220ಎ ಎಂಬ ಷರತ್ತಿನ ಬಿಡುಗಡೆಯ ನಮೂನೆ ಕೊಟ್ಟು ಕಳಿಸಿದರು. ಆ ನಮೂನೆ ಇದ್ದ ಮಾತ್ರಕ್ಕೆ ಅಧಿಕೃತ ಪ್ರವೇಶವಾಗುವುದಿಲ್ಲ, ಆದ್ದರಿಂದ 1966ರ ಕಾನೂನಿನ ಲಾಭ ಸಿಗದು ಎಂದು ವಲಸೆ ಮೇಲ್ಮನವಿ ಮಂಡಳಿ 2023ರಲ್ಲಿ ತೀರ್ಮಾನಿಸಿತು. ಹಯಲೀಯಾದಲ್ಲಿ ಅವರ ಸೋದರಮಾವನ ಅಂಗಡಿ ಇರಬಹುದು, ಅತ್ತೆಯ ಸ್ವಂತ ಮನೆ ಇರಬಹುದು. ಅವರ ಹೆಸರಿಗೆ ಮಾತ್ರ ಖಾಯಂ ಕಾಗದ ಬರುವುದಿಲ್ಲ. ವಾಷಿಂಗ್ಟನ್ನಿನ ಇಥಿಯೋಪಿಯನ್ ವಿದ್ಯಾರ್ಥಿ 1977ರಲ್ಲಿ ಕಾದ ಹಾಗೆ ಈ ಕ್ಯೂಬನ್ ಹುಡುಗ ಈಗ ವಕೀಲರ ಕಚೇರಿಯಲ್ಲಿ ಕಾಯುತ್ತಿದ್ದಾನೆ. ನಡುವೆ ಊಬರ್ ಓಡಿಸುತ್ತಾನೆ.

ನಮಸ್ಕಾರ.