ತೆಳು ಬೇರೆ, ದುರ್ಬಲ ಬೇರೆ

ಕೇಳುಗರಿಗೆಲ್ಲ ನಮಸ್ಕಾರ. ಪಿಯುಸಿ ಪರೀಕ್ಷೆಗೆ ಓದುತ್ತಿರುವ ಮಕ್ಕಳೇ, ಒಳಗೆ ಸಾರಿಗೆ ಹುಣಿಸೆಹುಳಿ ಕಿವುಚುತ್ತಾ ಕೇಳುತ್ತಿರುವ ಹಿರಿಯರೇ, ಇವತ್ತು ನಾನು ಹೇಳುವುದು ಒಂದೇ ಮಾತು. ಆಮ್ಲ ತೆಳುವಾಗಿರುವುದು ಬೇರೆ, ದುರ್ಬಲವಾಗಿರುವುದು ಬೇರೆ. ಉತ್ತರಪತ್ರಿಕೆ ತಿದ್ದಲು ಕೂತಾಗಲೆಲ್ಲ ಈ ತಪ್ಪು ಕಂಡು ಸಂಕಟವಾಗುತ್ತದೆ.

ನೀರು ಬೆರೆಸಿದರೆ ಆಮ್ಲ ತೆಳುವಾಗುತ್ತದೆ, ಅಷ್ಟೇ. ಪ್ರಬಲವೋ ದುರ್ಬಲವೋ ಎನ್ನುವುದು ಅದರ ಹುಟ್ಟುಗುಣ. ಹೈಡ್ರೋಕ್ಲೋರಿಕ್ ಆಮ್ಲ ನೀರಿಗೆ ಬಿದ್ದ ಕೂಡಲೇ ತನ್ನ ಹೈಡ್ರೋಜನ್ ಅಯಾನುಗಳನ್ನೆಲ್ಲ, ಅಂದರೆ ಆಮ್ಲಗುಣ ಕೊಡುವ ಕಣಗಳನ್ನೆಲ್ಲ, ಬಿಟ್ಟುಕೊಡುತ್ತದೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಹಾಗಲ್ಲ, ಬಹುಪಾಲನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ.

20 ವರ್ಷದ ಹಿಂದಿನ ಮಾತು. ಪ್ರಯೋಗಾಲಯದಲ್ಲಿ ಎರಡು ಸೀಸೆ ಇಟ್ಟಿದ್ದೆ. ಒಂದರಲ್ಲಿ ಹೈಡ್ರೋಕ್ಲೋರಿಕ್, ಇನ್ನೊಂದರಲ್ಲಿ ಅಸಿಟಿಕ್, ಎರಡರದೂ ಒಂದೇ ಸಾರತೆ, 0.1 ಮೋಲಾರ್, ಅಂದರೆ ಲೀಟರಿಗೆ ಎರಡರಲ್ಲೂ ಅಷ್ಟಷ್ಟೇ ಆಮ್ಲ. ಮೆಗ್ನೀಸಿಯಂ ತುಂಡು ಹಾಕಿದರೆ ಮೊದಲನೆಯದು ಭರ್ರೆಂದು ನೊರೆಯೆದ್ದಿತು, ಎರಡನೆಯದರಲ್ಲಿ ಒಂದೊಂದೇ ಗುಳ್ಳೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು, "ಸರ್, ಹಾಗಾದ್ರೆ ಅಸಿಟಿಕ್‌ಗೆ ಆಮ್ಲಗುಣ ಕಳೆಯೋ ಕ್ಷಾರ ಸ್ವಲ್ಪವೇ ಸಾಕಲ್ವಾ?" "ನೀನೇ ಬಿಟ್ಟು ನೋಡಮ್ಮಾ" ಅಂದೆ.

ಹೈಡ್ರೋಕ್ಲೋರಿಕ್‌ನ 10 ಮಿಲಿಲೀಟರಿಗೆ ಅಷ್ಟೇ ಸಾರತೆಯ ಕಾಸ್ಟಿಕ್ ಸೋಡಾ ಎಂಬ ಕ್ಷಾರದ ದ್ರಾವಣ 10 ಮಿಲಿಲೀಟರ್ ಹಿಡಿಯಿತು. ಆಮೇಲೆ ಅಸಿಟಿಕ್. ಇನ್ನೇನು ಮುಗಿಯಿತು ಎಂದುಕೊಂಡು ಅವಳು ಮೊದಲಿನಿಂದಲೇ ಒಂದೊಂದು ಹನಿ ಬಿಟ್ಟಳು. ಹನಿ ಬಿದ್ದಲ್ಲಿ, ಕ್ಷಾರ ಮಿಕ್ಕಾಗ ಬಣ್ಣ ತಿರುಗುವ ಸೂಚಕ ಫಿನಾಲ್ಫ್ತಲೀನ್‌ನ ಗುಲಾಬಿ ಎಳೆ ಹೊರಳುವುದು, ಫ್ಲಾಸ್ಕ್ ಅಲುಗಾಡಿಸಿದರೆ ಮಾಯವಾಗುವುದು. ಎರಡಾಯಿತು, ಐದಾಯಿತು, ಒಂಬತ್ತಾಯಿತು. ಬಣ್ಣ ನಿಂತಿದ್ದು ಹತ್ತಕ್ಕೇ! ಅವಳು ಬ್ಯುರೆಟ್ಟಿನ, ಅಂದರೆ ಹನಿ ಬಿಡುವ ಅಳತೆಗೊಳವೆಯ, ಗೀಟನ್ನು ಮೂರು ಸಲ ಓದಿದಳು.

ಇಬ್ಬರ ಬಳಿಯೂ ನೂರು ರೂಪಾಯಿ ಇದೆಯೆನ್ನಿ. ಒಬ್ಬ ಅಷ್ಟನ್ನೂ ಅಂಗೈಯಲ್ಲಿ ಹಿಡಿದು ನಿಂತವನು. ಇನ್ನೊಬ್ಬ ಒಂದು ರೂಪಾಯಿ ಹೊರಗಿಟ್ಟು ಉಳಿದದ್ದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನು. ಸಾಲ ಕೊಟ್ಟವನು ಬಂದು ಆ ರೂಪಾಯಿ ತೆಗೆದುಕೊಂಡರೆ ಮತ್ತೊಂದು ಹೊರಬರುತ್ತದೆ, ಅದನ್ನೂ ತೆಗೆದುಕೊಂಡರೆ ಇನ್ನೊಂದು. ಕೊನೆಗೆ ಇಬ್ಬರೂ ಕೊಡುವುದು ನೂರೇ. ಅವತ್ತಿನ ಅಸಿಟಿಕ್ ದ್ರಾವಣದಲ್ಲೂ ನೂರು ಅಣುಗಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ತನ್ನ ಹೈಡ್ರೋಜನ್ ಅಯಾನನ್ನು ಕೈಬಿಟ್ಟಿತ್ತು. ಕ್ಷಾರ ಅದನ್ನು ನುಂಗಿದಂತೆಲ್ಲ ಉಳಿದವೂ ಬಿಡುತ್ತಾ ಬಂದವು.

1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞ ಸೋರೆನ್ಸನ್ ರೂಪಿಸಿದ, ಆಮ್ಲತೆ ಅಳೆಯುವ ಪಿಎಚ್ ಅಳತೆ ಲೆಕ್ಕ ಹಾಕುವುದು ಅಂಗೈಯಲ್ಲಿರುವುದನ್ನು ಮಾತ್ರ, ಸೊಂಟದಲ್ಲಿರುವುದನ್ನಲ್ಲ. ಈ ಅಳತೆಯಲ್ಲಿ ಅಂಕಿ ಕಡಿಮೆಯಾದಷ್ಟೂ ಆಮ್ಲತೆ ಹೆಚ್ಚು. ಅದಕ್ಕೇ ಆ ಎರಡು ಸೀಸೆಗಳಲ್ಲಿ ಒಂದರ ಪಿಎಚ್ 1, ಇನ್ನೊಂದರದು 3ರ ಹತ್ತಿರ. ಆದ್ದರಿಂದ ಮಕ್ಕಳೇ, ದಯವಿಟ್ಟು, "ನೀರು ಹಾಕಿದ್ದರಿಂದ ಆಮ್ಲ ದುರ್ಬಲವಾಯಿತು" ಎಂದು ಬರೆಯಬೇಡಿ. ತೆಳುವಾಯಿತು ಎನ್ನಿ.

ಪ್ರತ್ಯಾಮ್ಲಗಳ, ಅಂದರೆ ಕ್ಷಾರದಂಥವುಗಳ, ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಸಮಯ ಮುಗಿಯುತ್ತಾ ಬಂದಿದೆ. ಅಲ್ಲಿಯೂ ಇದೇ ಲೆಕ್ಕ: ಕಾಸ್ಟಿಕ್ ಸೋಡಾ ಪ್ರಬಲ, ಅಮೋನಿಯಾ ದುರ್ಬಲ, ಎಷ್ಟೇ ನೀರು ಬೆರೆಸಿದರೂ. ಇನ್ನೊಂದೇ ಮಾತು. ದುರ್ಬಲ ಎಂದಾಕ್ಷಣ ಸಾಧು ಎಂದುಕೊಳ್ಳಬೇಡಿ. ಹೈಡ್ರೋಫ್ಲೋರಿಕ್ ಆಮ್ಲ ದುರ್ಬಲಗಳ ಸಾಲಿನದೇ, ಆದರೆ ಗಾಜನ್ನೇ ಕರಗಿಸುತ್ತದೆ. ಅದನ್ನು ಪ್ಲಾಸ್ಟಿಕ್ ಸೀಸೆಯಲ್ಲಿ ಇಡುತ್ತಾರೆ. ನಮಸ್ಕಾರ.