ಹಾಡಿಗೆ ಜಾಗ ಬಿಡಿ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಅಡುಗೆಮನೆಯಲ್ಲಿರುವವರು, ಅಂಗಡಿ ಬಾಗಿಲು ಹಾಕುವ ಮುಂಚೆ ಲೆಕ್ಕ ನೋಡುತ್ತಿರುವವರು, ರಾತ್ರಿ ಪಾಳಿಗೆ ಹೊರಟವರು ಎಲ್ಲರೂ ಇದ್ದೀರಿ ಅಂತ ಗೊತ್ತು. ಆದರೆ ಇವತ್ತು ನಾನು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಂಡು ಬಂದಿರುವುದು ಮನೆಯ ಒಂದು ಕೋಣೆಯಲ್ಲಿ ಲ್ಯಾಪ್‌ಟಾಪು, ಒಂದು ಮೈಕು ಇಟ್ಟುಕೊಂಡು ತಾವೇ ಹಾಡು ರೆಕಾರ್ಡ್ ಮಾಡುವ ಹುಡುಗ ಹುಡುಗಿಯರನ್ನು. ಮೂವತ್ತು ವರ್ಷ ಧ್ವನಿಮುದ್ರಣದ ಕೆಲಸ ಮಾಡಿದವನು ನಾನು. ನಿಮ್ಮ ಹಾಡುಗಳನ್ನು ತಪ್ಪದೆ ಕೇಳುತ್ತೇನೆ. ದನಿ ಚೆನ್ನಾಗಿರುತ್ತದೆ, ಸಾಹಿತ್ಯ ಚೆನ್ನಾಗಿರುತ್ತದೆ. ಅದರ ಮೇಲೆ ಹೇರಿರುತ್ತೀರಲ್ಲ, ಆ ಹೊರೆ! ಡ್ರಮ್ಮು, ಪಿಟೀಲು, ಕೋರಸ್ಸು, ಬಾವಿಯೊಳಗಿಂದ ಬಂದ ಹಾಗಿನ ಪ್ರತಿಧ್ವನಿ. ಹಾಡುವವರು ಎಲ್ಲಿದ್ದಾರೆ ಅಂತ ಹುಡುಕಬೇಕಾಗುತ್ತದೆ. ನಿಮಗೆ ನಾನು ಹೇಳುವುದು ಒಂದೇ ಮಾತು. ಹಾಡಿಗೆ ಜಾಗ ಬಿಡಿ.

ಈ ಮಾತನ್ನು ಒಬ್ಬ ಗಾಯಕನ ಒಂದೇ ಒಂದು ಆಲ್ಬಮ್ಮಿನ ಕಥೆಯ ಮೂಲಕ ಹೇಳುತ್ತೇನೆ. ಅಮೆರಿಕದ ಟೆಕ್ಸಾಸ್ ರಾಜ್ಯದ ವಿಲ್ಲಿ ನೆಲ್ಸನ್. ಆಲ್ಬಮ್ಮಿನ ಹೆಸರು 'ರೆಡ್ ಹೆಡೆಡ್ ಸ್ಟ್ರೇಂಜರ್', ಅಂದರೆ ಕೆಂಗೂದಲಿನ ಪರದೇಶಿ. ಬಿಡುಗಡೆಯಾದದ್ದು 1975ರ ಮೇ ತಿಂಗಳಲ್ಲಿ, ಕೊಲಂಬಿಯಾ ಎಂಬ ದೊಡ್ಡ ಕಂಪನಿಯಿಂದ. ಇಡೀ ಆಲ್ಬಮ್ಮು ಸುಮಾರು 33 ನಿಮಿಷ, ಅಷ್ಟೇ.

ಆಗ ವಿಲ್ಲಿಗೆ ವಯಸ್ಸು 42. ಹೊಸಬರೇನೂ ಅಲ್ಲ. 1933ರಲ್ಲಿ ಆ್ಯಬಟ್ ಎಂಬ ಪುಟ್ಟ ಊರಿನಲ್ಲಿ ಹುಟ್ಟಿ, ಅಜ್ಜ ಅಜ್ಜಿಯ ಕೈಯಲ್ಲಿ ಬೆಳೆದು, ಚಿಕ್ಕಂದಿನಿಂದ ಗಿಟಾರು ಹಿಡಿದವರು. ಹಾಡು ಬರೆಯುವುದರಲ್ಲಿ ಎತ್ತಿದ ಕೈ. 1961ರಲ್ಲಿ ಪ್ಯಾಟ್ಸಿ ಕ್ಲೈನ್ ಹಾಡಿದ 'ಕ್ರೇಜಿ' ಅಮೆರಿಕದ ಮನೆಮನೆಯಲ್ಲೂ ಕೇಳಿತು. ಅದನ್ನು ಬರೆದವರು ಇವರೇ. ಅದೇ ವರ್ಷ ಫ್ಯಾರನ್ ಯಂಗ್ ಹಾಡಿ ಗೆದ್ದ 'ಹೆಲೋ ವಾಲ್ಸ್' ಕೂಡ ಇವರದೇ. ಬೇರೆಯವರ ಬಾಯಲ್ಲಿ ಇವರ ಹಾಡು ಬಂಗಾರ. ಇವರೇ ಹಾಡಿದರೆ ಮಾರಾಟವಿಲ್ಲ.

ಯಾಕೆ? ಕಂಟ್ರಿ ಹಾಡುಗಳ ಧ್ವನಿಮುದ್ರಣದ ಕೇಂದ್ರವಾದ ನ್ಯಾಶ್‌ವಿಲ್ ಊರಿನ ಪದ್ಧತಿ ಹಾಗಿತ್ತು. ಕಂಟ್ರಿ ಸಂಗೀತ ಅಂದರೆ ಅಲ್ಲಿನ ಹಳ್ಳಿಗಾಡಿನ ಹಾಡು, ಬೆಟ್ಟದವರ, ದನಗಾಹಿಗಳ, ಚರ್ಚಿನ ಹಾಡು. ಪಟ್ಟಣದವರಿಗೂ ಅದು ರುಚಿಸಲಿ ಅಂತ 1950ರ ದಶಕದ ಕೊನೆಯಿಂದ ನ್ಯಾಶ್‌ವಿಲ್ಲಿನ ನಿರ್ಮಾಪಕರು ಅದಕ್ಕೆ ಪಿಟೀಲಿನ ಮೇಳ, ಹಿಂದೆ ಗುನುಗುವ ಕೋರಸ್ಸು ಎಲ್ಲ ಸೇರಿಸಿದರು. ಅದರಲ್ಲೂ ಒಳ್ಳೆಯ ಹಾಡುಗಳು ಬಂದಿವೆ, ಇಲ್ಲ ಅನ್ನುವುದಿಲ್ಲ. ಆದರೆ ವಿಲ್ಲಿಯ ಕಂಠಕ್ಕೆ ಅದು ಒಗ್ಗಲಿಲ್ಲ. ಅವರದು ಮೂಗಿನಿಂದ ಬರುವ ಸಣ್ಣ ದನಿ. ತಾಳದ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಸ್ವಲ್ಪ ಮುಂಚೆ ಎತ್ತುತ್ತಾರೆ, ಇಲ್ಲ ತಡಮಾಡಿ ಬಂದು ಸೇರುತ್ತಾರೆ. ನಮ್ಮಲ್ಲಿ ಸಂಗೀತ ಕಲಿತವರಿಗೆ ಅತೀತ, ಅನಾಗತ ಅಂದರೆ ಗೊತ್ತು. ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಮುಂಚೆ ಎತ್ತುವುದು, ಸಮದ ನಂತರ ಎತ್ತುವುದು ದೋಷವಲ್ಲ, ಒಂದು ಸೊಗಸು. ಆ ಸೊಗಸು ಕೇಳಬೇಕಾದರೆ ಸುತ್ತ ಜಾಗ ಇರಬೇಕು. ಇಪ್ಪತ್ತು ಪಿಟೀಲು ಒಂದೇ ಅಳತೆಯಲ್ಲಿ ಸಾಗುತ್ತಿರುವಾಗ ಒಬ್ಬ ಮನುಷ್ಯ ತಡವಾಗಿ ಬಂದರೆ ತಪ್ಪಿದ ಹಾಗೆಯೇ ಕೇಳುತ್ತದೆ. 1960ರ ದಶಕದ ಮಧ್ಯದಿಂದ ಆರ್‌ಸಿಎ ಕಂಪನಿಯಲ್ಲಿ ಅವರಿಗೆ ಆದದ್ದು ಇದು.

ಕೊನೆಗೆ ನ್ಯಾಶ್‌ವಿಲ್ ಬಿಟ್ಟು ಟೆಕ್ಸಾಸಿಗೆ ವಾಪಸಾದರು. ಅಟ್ಲಾಂಟಿಕ್ ಕಂಪನಿಗೆ ಎರಡು ಒಳ್ಳೆಯ ಆಲ್ಬಮ್ ಮಾಡಿಕೊಟ್ಟರು. ಆ ಕಂಪನಿ 1974ರಲ್ಲಿ ತನ್ನ ಕಂಟ್ರಿ ವಿಭಾಗವನ್ನೇ ಮುಚ್ಚಿತು. ಆಗ ಕೊಲಂಬಿಯಾ ಕರೆಯಿತು. ವಿಲ್ಲಿ ಒಂದು ಷರತ್ತು ಹಾಕಿದರು. ಯಾವ ಹಾಡು, ಯಾರು ನುಡಿಸಬೇಕು, ಹೇಗೆ ಮುದ್ರಿಸಬೇಕು, ಎಲ್ಲ ನನ್ನದೇ ತೀರ್ಮಾನ. ಕಂಪನಿ ಸಹಿ ಹಾಕಿತು. ಈ ಸಹಿಯನ್ನು ನೆನಪಿಡಿ, ಮುಂದೆ ಬರುತ್ತದೆ.

ಇನ್ನು ಹಾಡಿನ ವಿಷಯ. ರೇಡಿಯೋದವರಿಗೆ ಇದು ಖುಷಿಯ ಸಂಗತಿ. 1950ರ ದಶಕದಲ್ಲಿ ವಿಲ್ಲಿ ಫೋರ್ಟ್‌ವರ್ತ್ ಊರಿನ ರೇಡಿಯೋದಲ್ಲಿ ಹಾಡು ಹಾಕುವ ಕೆಲಸ ಮಾಡುತ್ತಿದ್ದಾಗ, ಮಕ್ಕಳ ಹೊತ್ತಿಗೆ ಕೆಂಗೂದಲಿನ ಪರದೇಶಿಯ ಹಾಡೊಂದನ್ನು ಕೇಳಿಸುತ್ತಿದ್ದರು. ಬೇರೆಯವರು ಬರೆದ ಹಾಡು. ಮನೆಯಲ್ಲಿ ತಮ್ಮ ಮಕ್ಕಳನ್ನು ಮಲಗಿಸಲಿಕ್ಕೂ ಅದನ್ನೇ ಹಾಡುತ್ತಿದ್ದರು. ಎಷ್ಟೋ ವರ್ಷದ ಮೇಲೆ, ಕೊಲೊರಾಡೊದಿಂದ ಟೆಕ್ಸಾಸಿಗೆ ಕಾರಿನಲ್ಲಿ ಬರುವಾಗ, ಆಲ್ಬಮ್ಮಿಗೆ ಏನು ಮಾಡಲಿ ಅಂತ ಯೋಚಿಸುತ್ತಿದ್ದರು. ಪಕ್ಕದಲ್ಲಿದ್ದ ಹೆಂಡತಿ ಕಾನಿ, ಆ ಮಕ್ಕಳ ಹಾಡನ್ನೇ ಮಾಡಿ ಅಂದರು. ದಾರಿಯುದ್ದಕ್ಕೂ ಅದರ ಹಿಂದುಮುಂದಿನ ಕಥೆ ಕಟ್ಟುತ್ತ ಬಂದರು. ಒಬ್ಬ ಪಾದ್ರಿ. ಹೆಂಡತಿ ಬಿಟ್ಟುಹೋಗುತ್ತಾಳೆ. ಅವಳನ್ನೂ ಅವಳ ಪ್ರಿಯಕರನನ್ನೂ ಕೊಂದು, ಅವಳ ಕುದುರೆಯನ್ನು ಜೊತೆಯಲ್ಲಿ ನಡೆಸಿಕೊಂಡು ಊರೂರು ಅಲೆಯುತ್ತಾನೆ. ಕೊನೆಗೆಲ್ಲೋ ಮತ್ತೆ ಒಲವು ಸಿಗುತ್ತದೆ. ನಡುನಡುವೆ ಹಳೆಯ ಹಾಡುಗಳನ್ನು, ಚರ್ಚಿನ ಒಂದು ಗೀತೆಯನ್ನು ಈ ಕಥೆಯ ದಾರಕ್ಕೆ ಪೋಣಿಸಿದರು. ಕೆಲವು ತುಣುಕುಗಳು ಒಂದು ನಿಮಿಷವೂ ಇಲ್ಲ.

1975ರ ಜನವರಿ. ಡಲ್ಲಾಸ್ ಪಕ್ಕದ ಗಾರ್ಲೆಂಡ್ ಎಂಬಲ್ಲಿ ಆಟಮ್ ಸೌಂಡ್ ಅನ್ನುವ ಹೊಸ ಸ್ಟುಡಿಯೋ. ವಿಲ್ಲಿ ಜೊತೆ ಬಂದದ್ದು ಊರೂರು ಸುತ್ತುವ ತಮ್ಮದೇ ತಂಡ. ಪಿಯಾನೋಗೆ ಅಕ್ಕ ಬಾಬಿ, ಮೌತ್ ಆರ್ಗನ್ನಿಗೆ ಮಿಕಿ ರಾಫೆಲ್, ಡ್ರಮ್ಮಿಗೆ ಪಾಲ್ ಇಂಗ್ಲಿಷ್, ಬಾಸ್ ಗಿಟಾರಿಗೆ ಬೀ ಸ್ಪಿಯರ್ಸ್, ಇನ್ನೂ ಒಂದಿಬ್ಬರು. ಕೆಲವೇ ದಿನ. ಖರ್ಚು ಸುಮಾರು 4,000 ಡಾಲರ್.

ಈಗ ನನಗೆ ಬಹಳ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ನನ್ನ ಕಸುಬಿನವರೆಲ್ಲ ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ಅಲ್ಲಿನ ಎಂಜಿನಿಯರ್ ಫಿಲ್ ಯಾರ್ಕ್. ಮುದ್ರಣ ಮುಗಿದ ಮೇಲೆ ಅವರು ಎಲ್ಲ ಎಂಜಿನಿಯರುಗಳೂ ಮಾಡುವ ಕೆಲಸ ಮಾಡಿದರು, ಈಕ್ವಲೈಜರ್ ಹಾಕಿದರು. ನಿಮ್ಮ ಕಾರಿನ ಸ್ಟೀರಿಯೋದಲ್ಲಿ ಬಾಸು, ಟ್ರೆಬಲ್ಲು ತಿರುಗಿಸುವ ಗುಂಡಿ ಇರುತ್ತದಲ್ಲ, ಅದರ ದೊಡ್ಡಣ್ಣ ಈ ಈಕ್ವಲೈಜರ್. ಗಿಟಾರಿಗೆ ಹೊಳಪು, ದನಿಗೆ ತುಂಬು, ಹೀಗೆ ಒಂದೊಂದನ್ನೂ ತೀಡಿದರು. ವಿಲ್ಲಿ ಕೇಳಿದರು. ಏನೋ ಬೇರೆ ಥರ ಇದೆಯಲ್ಲ, ಏನು ಮಾಡಿದಿರಿ ಅಂದರು. ಯಾರ್ಕ್ ಹೇಳಿದರು. ಅದೆಲ್ಲ ತೆಗೆದುಬಿಡಿ, ಇದ್ದ ಹಾಗೆಯೇ ಇರಲಿ ಅಂದರು ವಿಲ್ಲಿ. ತೆಗೆದರು. ಮತ್ತೆ ಹೊಸದಾಗಿ ಮಿಕ್ಸ್ ಮಾಡಿದರು, ಯಾವ ಬಣ್ಣವೂ ಇಲ್ಲದೆ.

ಇದು ಎಷ್ಟು ಕಷ್ಟದ ಕೆಲಸ ಅಂತ ನನಗೆ ಗೊತ್ತು. ಕೈಕೆಳಗೆ ನೂರು ಗುಂಡಿ ಇರುವಾಗ ಸುಮ್ಮನೆ ಕೂರುವುದು ಸುಲಭವಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ಒಮ್ಮೆ ಬೆಂಗಳೂರಿನ ಒಂದು ಸ್ಟುಡಿಯೋಗೆ ತತ್ವಪದ ಹಾಡುವ ಹಿರಿಯರೊಬ್ಬರು ಬಂದಿದ್ದರು. ಒಂದು ಏಕತಾರಿ, ಒಂದು ದಮ್ಮಡಿ, ಎರಡೇ. ಕ್ಯಾಸೆಟ್ ತರುವವರು ಕೀಬೋರ್ಡ್ ಬೇಕೇ ಬೇಕು ಅಂದರು. ಏಕತಾರಿಯ ಶ್ರುತಿ ಕೀಬೋರ್ಡಿನ ಎರಡು ಮನೆಗಳ ನಡುವೆ ಎಲ್ಲೋ ಇತ್ತು. ಆ ಶ್ರುತಿ ಅವರ ಗಂಟಲಿಗೆ ಕೂತದ್ದು, ಯಾವ ಯಂತ್ರ ನೋಡಿ ಇಟ್ಟದ್ದಲ್ಲ. ನಾನು ತಂತಿ ಬಿಗಿ ಮಾಡಿಸಿ ಮೇಲಿನ ಮನೆಗೆ ಏರಿಸಿದೆ. ಅರ್ಧ ಸ್ವರವೂ ಏರಲಿಲ್ಲ, ಆದರೆ ಮೇಲಿನ ಷಡ್ಜದಲ್ಲಿ ಅವರ ದನಿ ಬಿರಿಯಿತು. ಬಿರಿದದ್ದು ಕೇಳಬಾರದು ಅಂತ ಪ್ರತಿಧ್ವನಿ ಹಾಕಿದೆ. ಪ್ರತಿಧ್ವನಿಯಲ್ಲಿ ಮಾತು ಮಸುಕಾಯಿತು ಅಂತ ಏಕತಾರಿ ತಗ್ಗಿಸಿದೆ. ಮುಗಿಯುವ ಹೊತ್ತಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದ ಆ ಹಿರಿಯರು, ಏಕತಾರಿಯ ಬುರುಡೆಯನ್ನು ಎರಡು ಸಲ ಬೆರಳಲ್ಲಿ ತಟ್ಟಿ, ಏನೂ ಹೇಳದೆ ಚೀಲಕ್ಕೆ ಹಾಕಿಕೊಂಡರು. ಇವತ್ತಿಗೂ ನನಗೆ ಆ ಕೆಲಸದ ಬಗ್ಗೆ ಸಂಕಟವಿದೆ. ವಿಲ್ಲಿಯ ಆಲ್ಬಮ್ಮನ್ನು ನಾನು ಮೊದಲು ಕೇಳಿದ್ದು ಅದಾಗಿ ಒಂದೆರಡು ವರ್ಷಕ್ಕೆ. ಮುಂಚೆಯೇ ಕೇಳಿದ್ದರೆ ಅಂತ ಅನ್ನಿಸುತ್ತಲೇ ಇರುತ್ತದೆ.

ಸರಿ, ಟೇಪು ಕಂಪನಿಗೆ ಹೋಯಿತು. ಈಗ ಆ ಸಹಿಯ ವಿಷಯ. ನ್ಯೂಯಾರ್ಕಿನಲ್ಲಿ ಕೊಲಂಬಿಯಾದ ಹಿರಿಯ ಅಧಿಕಾರಿ ಬ್ರೂಸ್ ಲುಂಡ್‌ವಾಲ್ ಅವರಿಗೆ ಕೇಳಿಸಲು ಹೋದವರು ವಿಲ್ಲಿಯ ಮ್ಯಾನೇಜರ್ ನೀಲ್ ರೆಶೆನ್, ಜೊತೆಗೆ ಗೆಳೆಯ ವೇಲನ್ ಜೆನ್ನಿಂಗ್ಸ್. ವೇಲನ್ ಕೂಡ ದೊಡ್ಡ ಗಾಯಕ, ನ್ಯಾಶ್‌ವಿಲ್ಲಿನ ಪದ್ಧತಿಗೆ ಸೆಡ್ಡು ಹೊಡೆದವರು, ಸಿಟ್ಟು ಮೂಗಿನ ತುದಿಯಲ್ಲಿ. ಟೇಪು ಓಡಿತು. ಒಂದು ಗಿಟಾರು, ಒಂದು ದನಿ, ಆಗೊಮ್ಮೆ ಈಗೊಮ್ಮೆ ಪಿಯಾನೋ. ಲುಂಡ್‌ವಾಲ್ ಒಳ್ಳೆಯ ಕಿವಿಯವರೇ. ಆದರೂ ಅವರಿಗೆ ಇದು ಅರ್ಧ ಮಾಡಿಟ್ಟ ಕೆಲಸ ಅನ್ನಿಸಿತು. ನ್ಯಾಶ್‌ವಿಲ್ಲಿನ ಹೆಸರಾಂತ ನಿರ್ಮಾಪಕ ಬಿಲ್ಲಿ ಶೆರಿಲ್ ಅವರಿಗೆ ಕಳಿಸೋಣ, ಸ್ವಲ್ಪ ತುಂಬಿಸಿಕೊಡುತ್ತಾರೆ ಅಂದರು. ವೇಲನ್ ಎದ್ದು ನಿಂತರು. ರೇಡಿಯೋದಲ್ಲಿ ಹೇಳಲಾಗದ ಮಾತುಗಳಲ್ಲಿ ಬೈದರು. ನಿನಗೆ ಸ್ವರಜ್ಞಾನವೇ ಇಲ್ಲ, ವಿಲ್ಲಿ ಅಂದರೆ ಇದೇ, ಟೇಪು ತೆಗಿ ನಾವು ಹೊರಟೆವು ಅಂದರು. ಆ ಕೋಪ ನನಗೆ ಅರ್ಥವಾಗುತ್ತದೆ. ಏನೂ ತುಂಬದೆ ಬಿಟ್ಟದ್ದನ್ನು ಮರೆತು ಬಿಟ್ಟದ್ದು ಅಂದುಕೊಂಡರೆ ಯಾರಿಗೆ ಸಿಟ್ಟು ಬರುವುದಿಲ್ಲ? ಶೆರಿಲ್‌ಗೂ ಅದು ಮನೆಯ ಹಜಾರದಲ್ಲಿ ಕೂತು ಮಾಡಿದ ಹಾಗೆ ಕೇಳಿತು. ಆದರೆ ಒಪ್ಪಂದದಲ್ಲಿ ಸಹಿ ಇತ್ತಲ್ಲ. ಕಂಪನಿ ಏನನ್ನೂ ಸೇರಿಸುವಂತಿರಲಿಲ್ಲ. ಹಾಗೆಯೇ ಬಿಡುಗಡೆ ಮಾಡಿತು.

ಆಲ್ಬಮ್ಮು ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರೊಳಗಿನ 'ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್' ಆ ಅಕ್ಟೋಬರಿನಲ್ಲಿ ಮೊದಲ ಸ್ಥಾನದಲ್ಲಿತ್ತು. ಗಾಯಕರಾಗಿ ವಿಲ್ಲಿಗೆ ಅದೇ ಮೊದಲ ನಂಬರ್ ಒನ್, ಮುಂದಿನ ವರ್ಷ ಗ್ರ್ಯಾಮಿ ಪ್ರಶಸ್ತಿಯೂ ಬಂತು. ವಿಶೇಷ ನೋಡಿ, ಇಷ್ಟು ದೊಡ್ಡ ಕವಿ, ಅವರನ್ನು ಗೆಲ್ಲಿಸಿದ ಹಾಡು ಅವರು ಬರೆದದ್ದಲ್ಲ. ಫ್ರೆಡ್ ರೋಸ್ ಎಂಬ ಹಿರಿಯರು 1940ರ ದಶಕದಲ್ಲಿ ಬರೆದದ್ದು, ರಾಯ್ ಅಕಫ್ ಆಗಲೇ ಹಾಡಿಬಿಟ್ಟದ್ದು. ಹಳೆಯ ಹಾಡೇ. ಜಾಗ ಬಿಟ್ಟರು, ಹೊಸದಾಯಿತು. ಮುಂದೆ ಲುಂಡ್‌ವಾಲ್ ವೇಲನ್‌ಗೆ ಒಂದು ಚಿನ್ನದ ತಟ್ಟೆ, ಅಂದರೆ ಚೆನ್ನಾಗಿ ಮಾರಾಟವಾದ ಆಲ್ಬಮ್ಮಿಗೆ ಕೊಡುವ ಚಿನ್ನದ ಬಣ್ಣದ ರೆಕಾರ್ಡು, ಕಳಿಸಿ, ನೀನು ಹೇಳಿದ್ದೇ ಸರಿ ಅಂತ ಒಪ್ಪಿಕೊಂಡರಂತೆ. ವೇಲನ್ ತಾವೇ ಹೇಳಿಕೊಂಡದ್ದು. ತಪ್ಪೊಪ್ಪಿಕೊಂಡ ಆ ಅಧಿಕಾರಿಯ ಮೇಲೆ ನನಗೆ ಗೌರವವಿದೆ.

ನನಗೆ ಕೊಟ್ಟ ಹೊತ್ತು ಮುಗಿಯುತ್ತ ಬಂತು. ಬಾಬಿಯ ಪಿಯಾನೋ ಬಗ್ಗೆ ಹೇಳಬೇಕಿತ್ತು, ಮಿಕಿ ಒಂದು ಹಾಡಿನಲ್ಲಿ ಎಷ್ಟು ಹೊತ್ತು ನುಡಿಸದೆ ಕಾಯುತ್ತಾರೆ ಅನ್ನುವುದನ್ನು ಹೇಳಬೇಕಿತ್ತು. ಆಗುವುದಿಲ್ಲ. ಗಿಟಾರಿನ ಬಗ್ಗೆ ಮಾತ್ರ ಹೇಳಿಬಿಡುತ್ತೇನೆ. ಅದಕ್ಕೆ ಟ್ರಿಗರ್ ಅಂತ ಹೆಸರು, ಸಿನಿಮಾ ನಟ ರಾಯ್ ರಾಜರ್ಸ್ ಅವರ ಕುದುರೆಯ ಹೆಸರು. ಮಾರ್ಟಿನ್ ಕಂಪನಿಯ ಎನ್-20, 1969ರಲ್ಲಿ ಕೊಂಡದ್ದು. ನೈಲಾನ್ ತಂತಿಯ ಗಿಟಾರು, ಬರಿಬೆರಳಲ್ಲಿ ಮೃದುವಾಗಿ ಮೀಟಲು ಮಾಡಿದ್ದು. ಹಾಗಾಗಿ ಮೀಟುವ ಕಡ್ಡಿಯ ಉಜ್ಜಾಟ ತಡೆಯುವ ರಕ್ಷಣೆಯ ಹಾಳೆ ಅದಕ್ಕಿಲ್ಲ. ವಿಲ್ಲಿ ಅದನ್ನು ಕಡ್ಡಿಯಿಂದ ಮೀಟುತ್ತಾರೆ. ವರ್ಷಗಟ್ಟಲೆ ಮರ ಉಜ್ಜಿ ಉಜ್ಜಿ, ನಾದರಂಧ್ರದ ಕೆಳಗೆ ಇನ್ನೊಂದು ತೂತೇ ಬಿದ್ದಿದೆ. ಅಂಚಿನಲ್ಲಿ ಮರ ಅಪ್ಪಳದಷ್ಟು ತೆಳ್ಳಗಾಗಿರುವುದು ಫೋಟೋದಲ್ಲೇ ಕಾಣುತ್ತದೆ. ಆ ತೂತಿನ ಗಿಟಾರನ್ನು ಅವರು ಬದಲಾಯಿಸಲೇ ಇಲ್ಲ. 2023ರಲ್ಲಿ 90 ತುಂಬಿದಾಗಲೂ ಕೈಯಲ್ಲಿ ಅದೇ.

ಇವತ್ತು ರಾತ್ರಿ ಆ 'ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್' ಹಾಡು ಹುಡುಕಿ ಕೇಳಿ. ಎರಡೂವರೆ ನಿಮಿಷವೂ ಇಲ್ಲ. ಇಂಗ್ಲಿಷು ಬರಬೇಕು ಅಂತೇನಿಲ್ಲ. ಮಿಕ್ಸಿ, ಟಿವಿ ಎಲ್ಲ ನಿಂತ ಮೇಲೆ, ಫ್ಯಾನು ಕೂಡ ಆರಿಸಿ ಕೇಳಿ. ಮೊದಲು ಗಿಟಾರು ಬರುತ್ತದೆ. ಆಮೇಲೆ ದನಿ. ಒಂದು ಸಾಲು ಮುಗಿದು ಇನ್ನೊಂದು ಸಾಲು ಬರುವ ನಡುವೆ ಏನಿದೆ ಅಂತ ಕಿವಿಗೊಡಿ. ಅಲ್ಲಿ ಏನೂ ಇರುವುದಿಲ್ಲ. ಆ ಮನುಷ್ಯ ಇನ್ನೂ ಹಾಡಲು ಶುರುಮಾಡಿಲ್ಲ, ತಡಮಾಡುತ್ತಿದ್ದಾನೆ, ನೀವು ಕಾಯುತ್ತಿದ್ದೀರಿ.

ನಮಸ್ಕಾರ.