ಜಾಥಾ ಮುಗಿದ ಮೇಲೆ

ಕೇಳುಗರೇ, ನಮಸ್ಕಾರ.

ಜೂನ್ 26, ಮಾದಕ ವಸ್ತು ವಿರೋಧಿ ದಿನ. ನಮ್ಮ ತುಮಕೂರು ಕಡೆಯ ಹೈಸ್ಕೂಲುಗಳಲ್ಲಿ ಅವತ್ತು ಬ್ಯಾನರ್ ಹಿಡಿದು ಜಾಥಾ, ಭಾಷಣ, ಕೈ ಚಾಚಿ ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ. ನಾನು ಮೇಷ್ಟ್ರಾಗಿದ್ದಾಗ ವರದಿ ಬರೆಯುವ ಕೆಲಸ ನನ್ನ ಪಾಲಿಗೆ. ಎಷ್ಟು ಮಕ್ಕಳು ಬಂದರು ಅಂತ ಬರೆದು, 'ಕಾರ್ಯಕ್ರಮ ಯಶಸ್ವಿಯಾಯಿತು' ಎಂದು ಸೇರಿಸಿ, ಫೋಟೋ ಅಂಟಿಸಿದರೆ ಆಯ್ತು. ಯಶಸ್ವಿ ಅಂದರೆ ಏನಾಯಿತು? ನಾನೂ ಕೇಳಿಕೊಂಡವನಲ್ಲ.

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕುಡಿತದ ಕೇಡಿನ ಬಗ್ಗೆ ಬರೆದು ಮೊದಲ ಬಹುಮಾನ ತಗೊಂಡ. ಮುಂದಿನ ಹೊಸತೊಡಕಿನ ದಿನ ನೋಡುತ್ತೇನೆ, ತೋಟದಲ್ಲಿ ದೊಡ್ಡ ಹುಡುಗರ ಜೊತೆ ಕೂತಿದ್ದಾನೆ. ಕೈಯಲ್ಲಿ ವಿಸ್ಕಿಯ ಟೆಟ್ರಾ ಪ್ಯಾಕು. ನನ್ನನ್ನು ಕಂಡು ಎದ್ದು ನಿಂತ, ಪಾಪ. ಲಿವರ್ ಹೇಗೆ ಕೆಡುತ್ತದೆ ಅಂತ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. 'ಒಂದ್ ಗುಟುಕು ಹಾಕೋ' ಅಂದವರಿಗೆ ಏನು ಹೇಳಿ ಎದ್ದು ಬರಬೇಕು ಅನ್ನೋದು ಗೊತ್ತಿರಲಿಲ್ಲ. ನಾವು ಅದನ್ನು ಕಲಿಸಿರಲೇ ಇಲ್ಲ.

ಅಮೆರಿಕದಲ್ಲೂ ಹೀಗೇ ಆಗಿದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ಡೇರ್' ಅಂತ ಶಾಲಾ ಮಕ್ಕಳಿಗೆ ಮಾದಕ ವಸ್ತು ವಿರೋಧಿ ಪಾಠ ಶುರುವಾಯಿತು. ಪೊಲೀಸರೇ ಕ್ಲಾಸಿಗೆ ಬಂದು ಪಾಠ ಮಾಡುತ್ತಿದ್ದರು. ಅಪ್ಪ ಅಮ್ಮಂದಿರಿಗೆ ಬಹಳ ಹಿಡಿಸಿತು. ಆದರೆ ಕೆಂಟಕಿ ರಾಜ್ಯದಲ್ಲಿ ಸುಮಾರು ಸಾವಿರ ಮಂದಿಯನ್ನು ಹತ್ತು ವರ್ಷದ ನಂತರ ಮತ್ತೆ ವಿಚಾರಿಸಿದರು. ಆ ಪಾಠ ಕೇಳಿದವರಿಗೂ ಬೇರೆ ಮಾಮೂಲಿ ಪಾಠ ಕೇಳಿದವರಿಗೂ ಕುಡಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. 1999ರಲ್ಲಿ ಇದು ಪ್ರಕಟವಾಯಿತು.

ಹಾಗಂತ ಎಲ್ಲ ಪಾಠವೂ ದಂಡ ಅಲ್ಲ. ಯುರೋಪಿನ ಏಳು ದೇಶಗಳಲ್ಲಿ 12ರಿಂದ 14 ವರ್ಷದ ಮಕ್ಕಳಿಗೆ 'ಅನ್‌ಪ್ಲಗ್ಡ್' ಎಂಬ 12 ಪಾಠ ಮಾಡಿದರು. ಬೇಡ ಅನ್ನುವುದನ್ನು ಅಭಿನಯ ಮಾಡಿಸಿಯೇ ಕಲಿಸಿದರು. ಅಲ್ಲಿ ಅಮಲೇರುವಷ್ಟು ಕುಡಿಯುವುದು ಕಡಿಮೆಯಾಯಿತು.

ನಮ್ಮಲ್ಲಿ ಪರೀಕ್ಷಿಸುವುದು ಹೇಗೆ? 'ಕುಡಿತ ಕೆಟ್ಟದ್ದೇ?' ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. 'ಕಳೆದ ತಿಂಗಳು ಕುಡಿದಿದ್ದೀಯಾ?' ಅಂತ ಕೇಳಬೇಕು. ಚೀಟಿಯಲ್ಲಿ ಹೆಸರು ಬೇಡ, ಪಾಠ ಮಾಡಿದ ಮೇಷ್ಟ್ರು ಪಕ್ಕದಲ್ಲಿ ನಿಲ್ಲುವುದೂ ಬೇಡ. ಪಾಠಕ್ಕೆ ಮುಂಚೆ ಒಂದು ಸಲ, ವರ್ಷದ ಮೇಲೆ ಇನ್ನೊಂದು ಸಲ. ಜೊತೆಗೆ ಪಾಠ ನಡೆಯದ ಶಾಲೆಗಳಲ್ಲೂ ಕೇಳಬೇಕು. ವಯಸ್ಸು ಏರಿದಂತೆ ಕುಡಿಯುವವರು ಹೇಗೂ ಜಾಸ್ತಿ ಆಗುತ್ತಾರೆ, ಅಲ್ವಾ? ಹೋಲಿಸಿ ನೋಡದಿದ್ದರೆ ಒಳ್ಳೆಯ ಪಾಠವೂ ಸೋತ ಹಾಗೆ ಕಾಣುತ್ತದೆ.

ಇನ್ನೊಂದು ಮಾತು. ಎರಡನೇ ಸಲ ಕೇಳುವ ದಿನ ಯಾರು ಗೈರು, ಅವರನ್ನು ಹುಡುಕಿಕೊಂಡು ಹೋಗಬೇಕು. ನಮ್ಮ ಪ್ರಬಂಧದ ಹುಡುಗ ಹತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟ. ಅವತ್ತು ಎಣಿಸಿದ್ದರೂ ಅವನು ನಮ್ಮ ಲೆಕ್ಕಕ್ಕೆ ಸಿಗುತ್ತಿರಲಿಲ್ಲ.